ಅಮೀರ್ ಜಾನ್ ಕಿತ್ತ ಪಟ್ಟಿ

ಆಲೂರಿನ ಅಮೀರ್ ಜಾನ್ ಮೂವತ್ತು ವರ್ಷದಿಂದ ಗಾಡಿಗಳಿಗೆ ಸ್ಟಿಕರ್ ಅಂಟಿಸುತ್ತ ಬಂದವನು. ಈಗೀಗ ಅಂಟಿಸುವುದಕ್ಕಿಂತ ಕೀಳುವ ಕೆಲಸವೇ ಹೆಚ್ಚು. ಹಳೆ ಜೀಪು ಕೊಂಡವನಿಗೆ ಹಿಂದಿನವನ ಹೆಂಡತಿ ಹೆಸರು ಬೇಡ, ಪಕ್ಷ ಬಿಟ್ಟವನಿಗೆ ಹಿಂದಿನ ನಾಯಕನ ಮುಖ ಬೇಡ. ಯಾರ ಗಾಡಿಯಿಂದ ಏನು ಕಿತ್ತೆ ಎಂಬುದು ಅಮೀರನಿಗೆ ಬಾಯಿಪಾಠ. ಹಾಗಾಗಿ ಊರಿನವರು ಅವನ ಜೊತೆ ಕೊಂಚ ನಯವಾಗಿಯೇ ಮಾತಾಡುತ್ತಿದ್ದರು.

ಆ ನಯ ಕುಂದೂರು ಕಡೆಯ ಎಸ್ಟೇಟಿನ ಶ್ರೀನಾಥ್ ಗೌಡರಿಗೆ ಮಾತ್ರ ಇರಲಿಲ್ಲ. ಅವರು ಮೈಸೂರಿನಿಂದ ಒಂದು ಬಿಳಿ ಕುದುರೆಯನ್ನೂ ಅದನ್ನು ಸಾಗಿಸುವ ಅಲ್ಯೂಮಿನಿಯಂ ಟ್ರೇಲರನ್ನೂ ತಂದಿದ್ದರು. ರೇಸಿನಲ್ಲಿ ಗೆದ್ದ ಕುದುರೆ ಎಂದು ಕಂಡವರಿಗೆಲ್ಲ ಹೇಳಿಯಾಗಿತ್ತು. ಟ್ರೇಲರಿನ ಮೈಮೇಲಿದ್ದ ಮಾಸಲು ನೀಲಿ ಪಟ್ಟಿಗಳನ್ನು ಭಾನುವಾರ ನೆಂಟರು ಬರುವುದರೊಳಗೆ ಕೀಳಬೇಕಿತ್ತು. ಅಮೀರ್ ಬಂದವನೇ ಕೆಲಸಕ್ಕೆ ಕೂತರೆ, ಬ್ಲೇಡು ಹಾಕಿ ಬೇಗ ಕೆರೆದು ಮುಗಿಸು ಎಂದು ಗೌಡರು ಗದರಿದರು.

ಬ್ಲೇಡು ತಾಗಿದರೆ ಅಲ್ಯೂಮಿನಿಯಂ ಗೀರಿಬಿಡುತ್ತದೆ. ಅಮೀರ್ ತನ್ನ ಸೊಸೆ ಆಯಿಷಾಳ ಕೂದಲು ಒಣಗಿಸುವ ಯಂತ್ರದಿಂದ ಪಟ್ಟಿಗೆ ಬಿಸಿಗಾಳಿ ಹಿಡಿದು, ಉಗುರಿನಿಂದ ಅಂಚು ಎಬ್ಬಿಸಿ, ಮೆಲ್ಲಗೆ ಸುಲಿದ. ಉಳಿದ ಅಂಟಿಗೆ ಸೀಮೆಎಣ್ಣೆ ಸವರಿ ನೆನೆಯಲು ಬಿಟ್ಟ. ಅದನ್ನು ಕೆರೆಯಲು ಗಟ್ಟಿ ಪ್ಲಾಸ್ಟಿಕ್ ಕಾರ್ಡು ಬೇಕೆಂದು ಕೇಳಿ, ಗೌಡರ ಕ್ಲಬ್ಬಿನ ಕಾರ್ಡನ್ನೇ ಇಸಕೊಂಡ. ಅವರು ಊಟಕ್ಕೆ ಹೋಗುವಷ್ಟರಲ್ಲಿ ಕಾರ್ಡಿನ ಮೇಲಿನ ಹೆಸರು ಅರ್ಧ ಸವೆದಿತ್ತು.

ಅಂಟು ಹೋದಂತೆ ತಗಡಿನ ಮೇಲೆ ಅಕ್ಷರಗಳು ಮೂಡಿದವು. ಪಟ್ಟಿಗಿಂತ ಮೊದಲು ಅಲ್ಲಿ ಬೇರೇನೋ ಅಂಟಿಸಿದ್ದರು. ಸುತ್ತ ಮಂಕಾದ ಲೋಹದಲ್ಲಿ ಆ ಅಕ್ಷರಗಳ ಜಾಗ ಮಾತ್ರ ಹೊಳೆಯುತ್ತಿತ್ತು: "ಮದುವೆ ಮೆರವಣಿಗೆಗೆ ಬಿಳಿ ಕುದುರೆ ಬಾಡಿಗೆಗೆ ಸಿಗುತ್ತದೆ." ಕೆಳಗೆ ಫೋನ್ ನಂಬರು. ಅಮೀರ್ ಆಚೀಚೆ ನೋಡಿ ಆ ನಂಬರಿಗೆ ಫೋನ್ ಮಾಡಿದ. ಎತ್ತಿಕೊಂಡವನು ಕುದುರೆಯ ಹಳೆ ಯಜಮಾನ ಗುಂಡಯ್ಯ. ಗೌಡರ ಎಸ್ಟೇಟಿನಿಂದ ಎಂದೊಡನೆ, ಕುದುರೆ ಹೇಗಿದೆ ಎಂದು ಅವನೇ ವಿಚಾರಿಸಿದ.

"ನಿಂತಲ್ಲೇ ನಿಂತೈತೆ," ಎಂದ ಅಮೀರ್.

"ಬ್ಯಾಂಡ್ ಕೇಳ್ದೆ ಅದು ಹೆಜ್ಜೆ ಎತ್ತಾಕಿಲ್ಲ ಕಣ್ರೀ."

ಊಟ ಮುಗಿಸಿ ಬಂದ ಗೌಡರು ಅಕ್ಷರಗಳನ್ನು ನೋಡಿ ಬಿಳಿಚಿಕೊಂಡರು. ಅವರ ದನಿ ಮೊದಲ ಸಲ ಇಳಿಯಿತು.

"ಅಮೀರ್ ಸಾಬ್ರೇ, ಇದು ನಮ್ಮಿಬ್ರಲ್ಲೇ ಇರ್ಲಿ."

"ಕನ್ನಡಕ ಇಲ್ದೆ ನಂಗೆ ಏನೂ ಓದಕ್ಕಾಗಲ್ಲ ಗೌಡ್ರೇ."

ಸಂಜೆಯವರೆಗೂ ಪಾಲಿಶ್ ಉಜ್ಜಿ ಅಕ್ಷರಗಳನ್ನು ಅಳಿಸಿದ. ಯಾರೆದುರೂ ಬಾಯಿಬಿಡಲಿಲ್ಲ. ಆದರೆ ಭಾನುವಾರ ಕೆಲಸ ಸರಿಯಾಗಿದೆಯೋ ನೋಡುವ ನೆಪದಲ್ಲಿ ಬಂದು ಬೇಲಿಯ ಹಿಂದೆ ನಿಂತ.

ನೆಂಟರ ಎದುರು ಗೌಡರು ಬೂಟು ತೊಟ್ಟು ಕುದುರೆ ಹತ್ತಿದರು. ಕುದುರೆ ಕದಲಲಿಲ್ಲ. ಲಗಾಮು ಜಗ್ಗಿದರು, ಗದರಿದರು, ಬೆಲ್ಲ ತರಿಸಿದರು. ಅದು ಬೆಲ್ಲ ತಿಂದು ಮತ್ತೆ ಸುಮ್ಮನಾಯಿತು. ಆಗ ಬೇಲಿಯ ಹಿಂದಿನ ಮೊಬೈಲಿನಲ್ಲಿ ಮದುವೆ ಬ್ಯಾಂಡು ಮೊಳಗಿತು. ಕುದುರೆ ಕತ್ತೆತ್ತಿ, ಗೊರಸು ಕುಣಿಸುತ್ತ, ಬಳುಕಿ ಹೊರಟಿತು. ಅಂಗಳ ಸುತ್ತಿ ಮನೆಬಾಗಿಲಿಗೆ ಬಂದು, ಮದುಮಗ ಇಳಿಯಲೆಂದು ಠೀವಿಯಿಂದ ನಿಂತುಕೊಂಡಿತು. ಗೌಡರು ಇಳಿದರು. ಅವರ ಹೆಂಡತಿ ವಿಶಾಲಮ್ಮ ಸೆರಗು ಬಾಯಿಗೆ ಹಿಡಿದು ಒಳಗೆ ಓಡಿದರು. ನೆಂಟರು ಮಾತ್ರ, ಇಷ್ಟು ಚೆನ್ನಾಗಿ ಪಳಗಿದ ರೇಸ್ ಕುದುರೆ ಕಂಡೇ ಇಲ್ಲವೆಂದು ಚಪ್ಪಾಳೆ ತಟ್ಟಿದರು.

ಮರುದಿನ ಬೆಳಿಗ್ಗೆ ಗೌಡರ ಫೋನ್ ಬಂತು. ಬೈಗುಳಕ್ಕೆ ತಯಾರಾಗಿಯೇ ಅಮೀರ್ ಎತ್ತಿಕೊಂಡ.

"ಆ ಬ್ಯಾಂಡು ನಂಗೂ ಒಂಚೂರು ಕಳ್ಸಿ ಮಾರಾಯ್ರೇ," ಎಂದರು ಗೌಡರು.

ಅಮೀರ್ ಎರಡು ದಿನ ಬಿಟ್ಟು ಕಳಿಸಿದ.