ಶಾಲು ಹೊದಿಸಿ ಕಳಿಸಿದ ಕೋಚ್

ಇದರಲ್ಲಿ ನಿಜವಾಗಿ ನಡೆದದ್ದೆಷ್ಟು, ನಾನೇ ಆಮೇಲೆ ಕೂಡಿಸಿಕೊಂಡದ್ದೆಷ್ಟು ಎಂದು ಖಚಿತವಾಗಿ ಹೇಳಲಾರೆ. ಕೆಲವು ತಿಂಗಳ ಹಿಂದೆ ಹಾರ್ಬರ್ ಲೈನಿನ ಲೋಕಲ್ ರೈಲಿನಲ್ಲಿ ಪಕ್ಕದಲ್ಲಿ ನಿಂತಿದ್ದವರ ಮೈಯಿಂದ ಮಂಡಿಗೆ ಹಚ್ಚುವ ನೋವಿನೆಣ್ಣೆಯ ವಾಸನೆ ಬಂತು. ಮೂಗಿಗೆ ತಣ್ಣಗೆ ಹತ್ತಿ ಕಣ್ಣಲ್ಲಿ ನೀರು ತರಿಸುವ ವಾಸನೆ. ವಡಾಲ ಬರುವಷ್ಟರಲ್ಲಿ ನನಗೆ ವಿಪರೀತ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಗೊತ್ತಾದದ್ದು ಇಳಿದ ಮೇಲೆ…

ಹಲವು ವರ್ಷಗಳ ಹಿಂದೆ ಇಲ್ಲಿನ ನಮ್ಮ ಕನ್ನಡ ಸಂಘಕ್ಕೆ ಒಂದು ಫುಟ್‌ಬಾಲ್ ತಂಡವಿತ್ತು. ಅದರ ಕೋಚ್ ಗದಗಿನ ಕಡೆಯವರು. ಬಂದರಿನ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾಗಿದ್ದರು. ಎಲ್ಲರೂ ಅವರನ್ನು ಮಾಸ್ತರ್ ಎನ್ನುತ್ತಿದ್ದೆವು. ಮ್ಯಾಚಿಗೆ ಮುಂಚೆ ಹುಡುಗರನ್ನು ಸಾಲಾಗಿ ಕೂರಿಸಿ, ಒಬ್ಬೊಬ್ಬರ ಮಂಡಿಗೂ ತಾವೇ ಎಣ್ಣೆ ತಿಕ್ಕುತ್ತಿದ್ದರು. ಆ ವಾಸನೆ ಅವರ ಕೈ ಬಿಟ್ಟು ಹೋಗುತ್ತಲೇ ಇರಲಿಲ್ಲ. ಹೋಟೆಲಿನಲ್ಲಿ ಮಾಣಿ ಅವರ ಮುಂದೆ ಚಹಾ ಇಡುವಾಗ ಮುಖ ತಿರುಗಿಸಿಕೊಳ್ಳುತ್ತಿದ್ದ.

ಹೆಂಡತಿ ತೀರಿಕೊಂಡಿದ್ದರು. ಗದಗಿನಲ್ಲಿದ್ದ ಮಗಳು ಬಂದುಬಿಡಿ ಎಂದು ಕರೆಯುತ್ತಲೇ ಇದ್ದಳು. ಕ್ವಾರ್ಟರ್ಸ್ ಬಿಟ್ಟುಕೊಟ್ಟ ಮೇಲೂ ಮಾಸ್ತರ್ ವಡಾಲದ ಚಾಳಿನಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದು ಉಳಿದರು. ಒಮ್ಮೆ ಪ್ಲಾಟ್‌ಫಾರ್ಮಿನಲ್ಲಿ ಕಾರಣ ಕೇಳಿದ್ದೆ.

“ಟೀಮ್ ಐತಿ ಅಂತ ಇಲ್ಲೇ ಅದೀನ್ರಿ. ಅದು ಬಿಟ್ರ ಈ ಊರಾಗ ನನಗೇನೈತಿ?”

ಉಳಿದ ಎಷ್ಟೋ ಮಾತುಗಳ ಬಗ್ಗೆ ನನಗೆ ಅನುಮಾನವಿದೆ. ಈ ಮಾತಿನ ಬಗ್ಗೆ ಇಲ್ಲ.

ಆ ವರ್ಷ ನಾವು ಸೋಲುತ್ತಲೇ ಹೋದೆವು. ಲೀಗಿನ ಕಟ್ಟಕಡೆಯ ಡಿವಿಜನ್ ನಮ್ಮದು. ಅದರಲ್ಲೂ ಕೊನೆಗೆ ನಿಂತವರು ಲೀಗಿನಿಂದಲೇ ಹೊರಗೆ. ಇನ್ನೊಂದೇ ಮ್ಯಾಚ್ ಬಾಕಿಯಿತ್ತು, ಅದನ್ನು ಗೆದ್ದರೆ ಉಳಿಯುತ್ತಿದ್ದೆವು. ಹಾಗಿರುವಾಗ ಒಂದು ಸಂಜೆ ಮಾಟುಂಗದ ಉಡುಪಿ ಹೋಟೆಲಿನ ಮಹಡಿಯಲ್ಲಿ ಸಂಘದ ಫುಟ್‌ಬಾಲ್ ಅಭಿಮಾನಿಗಳೆಲ್ಲ ಸೇರಿದರು. ಮಾಸ್ತರನ್ನು ಕರೆದಿರಲಿಲ್ಲ. ಕೋಚ್ ಬದಲಿಸಬೇಕೇ ಬೇಡವೇ ಎಂಬುದು ವಿಷಯ. ಅಲ್ಲಿದ್ದವರಲ್ಲಿ ಒಬ್ಬರೂ ಚೆಂಡಿಗೆ ಕಾಲು ತಾಗಿಸಿದವರಲ್ಲ, ನಾನೂ ಸೇರಿ. ಆದರೆ ಎಲ್ಲರೂ ಟೀವಿಯಲ್ಲಿ ವಿಲಾಯಿತಿ ಲೀಗ್ ನೋಡುವವರು. ಮೈಸೂರಿನ ಕಡೆಯ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಟೇಬಲ್ಲಿನ ಮೇಲೆ ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ, ಚಮಚಗಳನ್ನು ಜೋಡಿಸಿ, ನಮ್ಮ ಹುಡುಗರು ಎಲ್ಲಿ ನಿಲ್ಲಬೇಕಿತ್ತು ಎಂದು ತೋರಿಸಿದರು. ಆ ಹುಡುಗರಲ್ಲಿ ಅರ್ಧ ಜನ ಕೊರಿಯರ್ ಕೆಲಸದವರು, ಪ್ರಾಕ್ಟೀಸಿಗೆ ಬರಲು ರಜೆ ಸಿಗದವರು. ಉಪ್ಪಿನ ಡಬ್ಬಿಗೆ ಆ ತೊಂದರೆ ಇರಲಿಲ್ಲ.

“ಅಲ್ಲಿ ನಾಲ್ಕು ಮ್ಯಾಚ್ ಸೋತ್ರೆ ಕೋಚು ಮನೆಗೆ ಹೋಗ್ತಾನೆ. ನಾವೇನು ಧರ್ಮಛತ್ರ ನಡೆಸ್ತಿದ್ದೀವಾ?” ಎಂದರು ಅವರು.

ಇಷ್ಟು ಕಡಿಮೆ ಮ್ಯಾಚುಗಳಿಂದ ತಪ್ಪು ಕೋಚಿನದೋ ಅದೃಷ್ಟದ್ದೋ ಎಂದು ತೀರ್ಮಾನಿಸಲಾಗುವುದಿಲ್ಲ ಎಂದು ನಾನು ಹೇಳಿದೆ. ನಾನು ಓದಿದ್ದು ಸಂಖ್ಯಾಶಾಸ್ತ್ರ, ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದದ್ದೂ ಅದನ್ನೇ.

“ನಿಮ್ಮ ಸ್ಟ್ಯಾಟಿಸ್ಟಿಕ್ಸ್ ಗೋಲ್ ಹೊಡೆಯಲ್ಲ ಸಾರ್,” ಎಂದರು ಅದೇ ಅಧಿಕಾರಿ.

ಎಲ್ಲರೂ ನಕ್ಕರು. ಯಾರೋ ಇನ್ನೊಂದು ರೌಂಡ್ ಕಾಫಿ ಹೇಳಿದರು. ಹಾಗೆ, ಕಾಫಿ ಬರುವ ಮೊದಲೇ, ತೀರ್ಮಾನವಾಯಿತು. ಬಾಂದ್ರಾದ ಕಡೆ ಆಡುತ್ತಿದ್ದ ಒಬ್ಬ ತರುಣನನ್ನು ಕರೆತರುವುದು. ಆದರೆ ಮಾಸ್ತರಿಗೆ ಹೇಳುವುದು ಯಾರು? ಅಷ್ಟು ಹೊತ್ತು ಅಷ್ಟು ದೊಡ್ಡ ದನಿಯಲ್ಲಿ ಮಾತಾಡಿದವರೆಲ್ಲ ಲೋಟದ ತಳ ನೋಡತೊಡಗಿದರು. ಕೊನೆಗೆ ದಾರಿ ತೋರಿಸಿದವರು ಕರಾವಳಿಯವರಾದ ನಮ್ಮ ಕಾರ್ಯದರ್ಶಿ.

“ಹೇಳುವುದು ಎಂತಕ್ಕೆ ಮಾರಾಯ್ರೆ? ಒಂದು ಸನ್ಮಾನ ಮಾಡುವ. ಅವರಿಗೇ ಗೊತ್ತಾಗ್ತದೆ.”

ನಮ್ಮ ಸಂಘದಲ್ಲಿ ಅದೇ ಪದ್ಧತಿ. ನಾಟಕದ ಹಳೆಯ ನಿರ್ದೇಶಕರನ್ನು ಇಳಿಸಿದ್ದು ಶಾಲು ಹೊದಿಸಿ. ಲೈಬ್ರರಿ ನೋಡಿಕೊಳ್ಳುತ್ತಿದ್ದವರನ್ನು ಬಿಡಿಸಿದ್ದೂ ಹಾಗೆಯೇ. ಹೂವಿನ ಹಾರ ಬಂತೆಂದರೆ ಬೀಗದ ಕೈ ಒಪ್ಪಿಸಬೇಕೆಂದು ಅವರಿಗೆಲ್ಲ ಗೊತ್ತಿತ್ತು. ಮಾಸ್ತರಿಗೆ ಗೊತ್ತಿರಲಿಲ್ಲ. ಅವರು ಸಭೆ ಸಮಾರಂಭಕ್ಕೆ ಬಂದವರೇ ಅಲ್ಲ. ಮೈದಾನ ಬಿಟ್ಟರೆ ಸಂಘದ ಬೇರೆ ಮುಖವನ್ನೇ ಅವರು ಕಂಡಿರಲಿಲ್ಲ. ಇದು ಅಲ್ಲಿ ಕೂತ ಯಾರ ತಲೆಗೂ ಹೊಳೆಯಲಿಲ್ಲ, ಅಥವಾ ಹೊಳೆದರೂ ಬೇಕಿರಲಿಲ್ಲ.

ಶನಿವಾರ ಸಂಜೆ ಸಂಘದ ಹಾಲ್‌ನಲ್ಲಿ ಎತ್ತರದ ಬೆನ್ನಿನ ಕುರ್ಚಿಯಲ್ಲಿ ಅವರನ್ನು ಕೂರಿಸಿದರು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಪೇಟ ದೊಡ್ಡದಾಗಿ ಹುಬ್ಬಿನವರೆಗೆ ಇಳಿದಿತ್ತು. ಭಾಷಣಗಳಲ್ಲಿ ಅಮೂಲ್ಯ ಸೇವೆ, ನಿಸ್ವಾರ್ಥ ಜೀವ, ಮಾರ್ಗದರ್ಶನ ಎಲ್ಲವೂ ಬಂದವು. ನಾಳೆಯಿಂದ ಬರಬೇಡಿ ಎಂಬುದು ಮಾತ್ರ ಬರಲಿಲ್ಲ. ಬ್ಯಾಂಕ್ ಅಧಿಕಾರಿಗಳು ಅವರ ಕಾಲಿಗೇ ಬಗ್ಗಿದರು. ನೆನೆಸಿಕೊಂಡರೆ ಈಗಲೂ ಹಲ್ಲು ಕಚ್ಚುತ್ತೇನೆ. ಮಾಸ್ತರ್ ಎದ್ದು ಎರಡೇ ಮಾತು ಆಡಿದರು. ಇಷ್ಟು ಮರ್ಯಾದೆ ತಮಗೆ ಯಾರೂ ಮಾಡಿರಲಿಲ್ಲ, ಇದರ ಮೇಲೆ ಮುಂದಿನ ಮ್ಯಾಚ್ ಗೆಲ್ಲಿಸದಿದ್ದರೆ ತಾವು ಮನುಷ್ಯರೇ ಅಲ್ಲ ಎಂದರು. ಹಾಲ್ ತುಂಬ ಚಪ್ಪಾಳೆ. ವೇದಿಕೆಯ ಮೇಲಿದ್ದ ಕಾರ್ಯದರ್ಶಿಯೂ ತಟ್ಟಿದರು.

ಮರುದಿನ ಬೆಳಿಗ್ಗೆ ಅವರು ಎಂದಿನಂತೆ ವಡಾಲದ ಮೈದಾನಕ್ಕೆ ಬಂದರು. ಭುಜದಲ್ಲಿ ಎಣ್ಣೆಯ ಬಾಟಲಿಯಿದ್ದ ಚೀಲ, ಕೈಯಲ್ಲಿ ಅದೇ ಹಣ್ಣಿನ ಬುಟ್ಟಿ, ಹುಡುಗರಿಗೆಂದು. ನನ್ನ ನೆನಪಿನಲ್ಲಿ ಹೆಗಲ ಮೇಲೆ ಆ ಶಾಲೂ ಇದೆ. ಆದರೆ ಆ ಸೆಕೆಯಲ್ಲಿ ಯಾರು ಶಾಲು ಹೊದ್ದು ಬರುತ್ತಾರೆ? ಅದನ್ನು ನಾನೇ ಹೊದಿಸಿರಬೇಕು… ಮೈದಾನದಲ್ಲಿ ಹೊಸ ಕೋಚ್ ಸೀಟಿ ಊದಿ ಹುಡುಗರನ್ನು ಓಡಿಸುತ್ತಿದ್ದ. ಹುಡುಗರು ಮಾಸ್ತರನ್ನು ಕಂಡರೂ ಓಡುತ್ತಲೇ ಇದ್ದರು. ಕಾರ್ಯದರ್ಶಿ ಫೋನು ಕಿವಿಗಿಟ್ಟುಕೊಂಡು ಗೇಟಿನ ಕಡೆ ನಡೆದರು. ಮಾಸ್ತರ್ ಸ್ವಲ್ಪ ಹೊತ್ತು ಗೆರೆಯ ಹೊರಗೆ ನಿಂತರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು.

“ಹಂಗಾರ ನಿನ್ನಿ ಮಾಡಿದ್ದು ಅದೇನ್ರಿ?”

ಕೇಳಿದರು ಎಂದೇ ನನ್ನ ನಂಬಿಕೆ. ಬರೀ ನೋಡಿದ್ದೂ ಇರಬಹುದು. ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು ಹೊರಟುಬಿಟ್ಟರು. ಅವರ ಮೇಲೂ ನನಗೆ ಸಿಟ್ಟಿದೆ. ಬೈಯಬಹುದಿತ್ತು. ಬುಟ್ಟಿಯನ್ನು ಕಾರ್ಯದರ್ಶಿಯ ಕಾರಿನ ಗಾಜಿಗೆ ಎಸೆಯಬಹುದಿತ್ತು. ಆ ವಾರವೇ ಖೋಲಿ ಬಿಟ್ಟು ಗದಗಿಗೆ ಹೋದರೆಂದು ಆಮೇಲೆ ಗೊತ್ತಾಯಿತು.

ಮೊನ್ನೆ ಅವರು ತೀರಿಕೊಂಡ ಸುದ್ದಿ ಬಂತು. ಸಂಘದಲ್ಲಿ ಸಂತಾಪ ಸಭೆ, ಫೋಟೋಕ್ಕೆ ಮತ್ತೆ ಹಾರ. ಮುಗಿದ ಮೇಲೆ ಚಹಾ ಕುಡಿಯುತ್ತ, ಈಗ ಕೋಲು ಹಿಡಿದು ನಡೆಯುವ ಬ್ಯಾಂಕ್ ಅಧಿಕಾರಿಗಳು, ಒಳ್ಳೆಯ ಮನುಷ್ಯ ಪಾಪ ಎಂದರು. ಆದರೂ ಅವತ್ತು ನಾವು ಮಾಡಿದ್ದು ಸರಿಯೇ, ಕೋಚ್ ಬದಲಿಸಿದೆವು, ಮುಂದಿನ ಮ್ಯಾಚೇ ಗೆದ್ದೆವು, ಲೀಗಿನಲ್ಲಿ ಉಳಿದೆವು ಎಂದೂ ಸೇರಿಸಿದರು. ಸುತ್ತ ನಿಂತವರು ತಲೆಯಾಡಿಸಿದರು. ಆ ಗೋಲ್ ನನಗೂ ನೆನಪಿತ್ತು. ಎಡಗಾಲಿನ ಹೊಡೆತ, ಚೆಂಡು ಕಂಬಕ್ಕೆ ತಾಗಿ ಒಳಗೆ ಹೋದದ್ದು, ಹುಡುಗರು ಹೊಸ ಕೋಚನ್ನು ಎತ್ತಿಕೊಂಡದ್ದು. ಆದರೆ ಎದುರಾಳಿಗಳ ಜರ್ಸಿ ಯಾವ ಬಣ್ಣದ್ದು? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಆ ಮ್ಯಾಚಿನ ಭಾನುವಾರ ಹಾರ್ಬರ್ ಲೈನಿನಲ್ಲಿ ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವ ಮೆಗಾಬ್ಲಾಕ್ ಇತ್ತು, ನಾವು ಬಹಳಷ್ಟು ಜನ ತಡವಾಗಿ ತಲುಪಿದ್ದೆವು ಎಂಬುದು ಮಾತ್ರ ನೆನಪಾಯಿತು.

ಅವತ್ತಿನ ರೆಫರಿ ಈಗ ಬೈಕುಲ್ಲಾದಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟಿದ್ದಾರೆ. ಹುಡುಕಿಕೊಂಡು ಹೋಗಿ ಕೇಳಿದೆ. ಅವರು ನಕ್ಕರು. ಯಾವ ಮ್ಯಾಚ್, ಎದುರಿನ ತಂಡ ಬಂದಿರಲೇ ಇಲ್ಲವಲ್ಲ, ಕಾಯುವಷ್ಟು ಕಾದು ಆಡದೆಯೇ ಗೆದ್ದಿರೆಂದು ನಿಮಗೆ ವಾಕ್‌ಓವರ್ ಬರೆದುಕೊಟ್ಟೆ, ನಾನು ಹೊರಡುವಾಗ ನಿಮ್ಮ ಹುಡುಗರು ತಮ್ಮಲ್ಲೇ ಎರಡು ಪಾಲಾಗಿ ಆಡಿಕೊಳ್ಳುತ್ತಿದ್ದರು ಎಂದರು. ನಿಮ್ಮ ಕಾರ್ಯದರ್ಶಿ ಪಕ್ಕದಲ್ಲೇ ನಿಂತು ಸಹಿ ಹಾಕಿದ್ದರು ಎಂದೂ ಹೇಳಿದರು.

ಒಬ್ಬರ ನೆನಪನ್ನು ನಂಬುವವನಲ್ಲ ನಾನು. ಆ ಎದುರಾಳಿ ತಂಡದ ಕ್ಯಾಪ್ಟನ್ ಆಗಿದ್ದವನ ನಂಬರ್ ಹುಡುಕಿ ಫೋನ್ ಮಾಡಿದೆ. ಅವನಿಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. ಅಂದು ಅವರ ಗೋಲ್‌ಕೀಪರನ ಮದುವೆ, ಇಡೀ ತಂಡ ಕೊಂಕಣದ ಒಂದು ಹಳ್ಳಿಯಲ್ಲಿ ಊಟಕ್ಕೆ ಕೂತಿತ್ತು.