ಶುಕ್ರವಾರ ಮಧ್ಯಾಹ್ನದ ವಿದ್ಯಾರ್ಥಿನಿ

ಎರಡು ಸಾವಿರದ ಇಸವಿ ದಾಟಿದ ಹೊಸತು. ಇಂದಿರಾನಗರದ ಒಂದು ಸಣ್ಣ ಆಫೀಸಿನಲ್ಲಿ ನನಗೊಂದು ವಿಚಿತ್ರ ಕೆಲಸ ಸಿಕ್ಕಿತ್ತು. ಇಂಟರ್ನೆಟ್ಟಿನಲ್ಲಿ ಇಂಗ್ಲಿಷ್, ಕಂಪ್ಯೂಟರ್ ಕಲಿಯಲು ಸೇರಿದವರು ನಿಜವಾಗಿಯೂ ಕಲಿಯುತ್ತಿದ್ದಾರೆಯೇ ಎಂದು ನೋಡುವುದು. ಯಾರು ಎಷ್ಟು ಹೊತ್ತು ಪಾಠ ತೆರೆದಿದ್ದರು ಎಂಬುದು ಪರದೆಯ ಮೇಲೆ ಬರುತ್ತಿತ್ತು. ಅದನ್ನು ವಯಸ್ಸು, ಗಂಡು ಹೆಣ್ಣು, ಏರಿಯಾ ಅಂತ ವಿಂಗಡಿಸಿ ಕೊಡಬೇಕು, ನಾಪತ್ತೆಯಾದವರಿಗೆ ಫೋನ್ ಮಾಡಿ ಪುಸಲಾಯಿಸಬೇಕು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ನನಗೆ ಪುಸಲಾಯಿಸುವ ಕೆಲಸ ಕೊಟ್ಟವರ ಧೈರ್ಯವನ್ನು ಮೆಚ್ಚಬೇಕು.

ನಮ್ಮ ಬಾಸ್ ಆಗಲೇ ಎಲ್ಲ ಲೆಕ್ಕ ಹಾಕಿ ಮುಗಿಸಿದ್ದರು. ದೊಮ್ಮಲೂರು, ಮಾರತ್ತಹಳ್ಳಿ ಕಡೆ ಕೆಲಸಕ್ಕೆ ಹೋಗುವ, ಮನೆಯಲ್ಲೇ ಕಂಪ್ಯೂಟರ್ ಇರುವ ಹುಡುಗರು ಚೆನ್ನಾಗಿ ಕಲಿಯುತ್ತಾರೆ. ಸೈಬರ್ ಕೆಫೆ ನಂಬಿಕೊಂಡವರು ಅರ್ಧಕ್ಕೇ ಕೈಬಿಡುತ್ತಾರೆ. ಆದದ್ದೇ ಬೇರೆ. ಆ ಹುಡುಗರು ಮೊದಲ ಪಾಠ ತೆರೆದು ನೋಡಿದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಫೋನ್ ಮಾಡಿದರೆ, “ಬಿಜಿ ಮೇಡಂ, ವೀಕೆಂಡ್ ಮಾಡ್ತೀನಿ” ಅನ್ನುತ್ತಿದ್ದರು. ಆ ವೀಕೆಂಡು ಬರಲೇ ಇಲ್ಲ.

ಒಂದೂ ವಾರ ತಪ್ಪಿಸದೆ ಪಾಠ ಓದುತ್ತಿದ್ದವಳು ಶಿವಾಜಿನಗರದ ಒಬ್ಬ ಹುಡುಗಿ ಮಾತ್ರ. ಅದೂ ಶುಕ್ರವಾರ ಮಧ್ಯಾಹ್ನ, ಒಂದು ಸೈಬರ್ ಕೆಫೆಯಿಂದ. ಬಾಸ್‌ಗೆ ಅನುಮಾನ ಶುರುವಾಯಿತು. ಒಂದು ಪ್ರಶ್ನೆಗೆ ಥಟ್ಟನೆ ಉತ್ತರ, ಮುಂದಿನದಕ್ಕೆ ಎಷ್ಟೋ ಹೊತ್ತು. ಪಾಸಾದ ಪಾಠವನ್ನೇ ಮತ್ತೆ ತೆರೆಯುವುದು.

“ಇದು ಒಬ್ಬರ ಕೈಯಲ್ಲ ಕಣ್ರೀ. ಒಂದು ಅಕೌಂಟು ಒಬ್ಬರಿಗೇ ಅಂತ ರೂಲ್ ಇದೆ. ಹೋಗಿ ನೋಡ್ಕೊಂಡು ಬನ್ನಿ, ಕ್ಯಾನ್ಸಲ್ ಮಾಡೋಣ,” ಅಂದರು.

ಮುಂದಿನ ಶುಕ್ರವಾರ ಹೋದೆ. ಹಲಸೂರಿನಲ್ಲಿ ಹುಟ್ಟಿ ಬೆಳೆದವಳಾದರೂ ಆ ಹೊತ್ತಿನ ಶಿವಾಜಿನಗರವನ್ನು ನಾನು ನೋಡಿರಲಿಲ್ಲ. ಗಂಡಸರೆಲ್ಲ ನಮಾಜಿಗೆ ಹೋಗಿದ್ದರು, ಗಲ್ಲಿ ಖಾಲಿ. ಕೆಫೆಯ ಶಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದರೆ, ಗೋಡೆಯ ಮೊಳೆಗಳಿಗೆ ಬುರ್ಖಾಗಳನ್ನು ತೂಗುಹಾಕಿ, ಒಂದೇ ಕಂಪ್ಯೂಟರಿನ ಸುತ್ತ ಹೆಂಗಸರು ಸ್ಟೂಲು ಹಾಕಿಕೊಂಡು ಕೂತಿದ್ದರು. ನಡುವೆ ಆ ಹುಡುಗಿ, ಪಕ್ಕದಲ್ಲಿ ಮೌಸ್ ಹಿಡಿದ ಅವಳ ತಾಯಿ, ಹಿಂದೆ ಅಕ್ಕಪಕ್ಕದ ಮನೆಯವರು. ಹುಡುಗಿ ಇಂಗ್ಲಿಷ್ ವಾಕ್ಯ ಓದುತ್ತಿದ್ದಳು, ತಮ್ಮ ಮನೆಮಾತು ದಖನಿ ಉರ್ದುವಿನಲ್ಲಿ ಬಿಡಿಸಿ ಹೇಳುತ್ತಿದ್ದಳು. ಉತ್ತರ ಒಬ್ಬೊಬ್ಬರು ಒಂದೊಂದು ಒತ್ತುತ್ತಿದ್ದರು. ಕೆಫೆ ಅವಳ ಸೋದರಮಾವನದು. ಪ್ರತಿ ಶುಕ್ರವಾರ ನಮಾಜಿಗೆ ಹೋಗುವಾಗ ಬೀಗದಕೈಯನ್ನು ಅಕ್ಕನ ಕೈಗಿಟ್ಟು ಹೋಗುತ್ತಿದ್ದನಂತೆ.

ನಾನು ಯಾರು, ಯಾಕೆ ಬಂದೆ ಎಂದು ಹೇಳಿದೆ. ಎಲ್ಲರ ಮುಖವೂ ಬಿಳಿಚಿಕೊಂಡಿತು.

“ಬಂದ್ ಮಾಡ್ಬಿಡ್ತೀರಾ ಮೇಡಂ?” ತಾಯಿ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅವರು ಪರದೆಯ ಕಡೆ ತಿರುಗಿದರು. “ಸ್ವಲ್ಪ ತಡೀರಿ, ಆಮೇಲೆ ಹೇಳಿ. ಗಂಡಸ್ರು ಬಂದ್ಬಿಡ್ತಾರೆ, ಅಷ್ಟ್ರಲ್ಲಿ ಈ ಪಾಠ ಮುಗಿಸ್ಬೇಕು. ಏಳನೇ ಕ್ಲಾಸಿಗೇ ಬಿಡಿಸಿದ್ರು ನನ್ನ. ನಿಮ್ಮಲ್ಲಿ ಸೇರೋಕೆ ಹತ್ತನೇದು ಪಾಸಾಗಿರ್ಬೇಕಂತೆ. ಅದಕ್ಕೇ ಇವಳ ಹೆಸರು ಹಾಕಿದ್ವಿ.”

ಅಕೌಂಟು ಮುಚ್ಚಿಸಲು ಬಂದ ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಆಕೆ ಪಾಠ ಓದಿದರು. ಬಾಣದ ಗುರುತನ್ನು ಉತ್ತರದ ಮೇಲೆ ತಂದು ಒತ್ತಿದರು. ಕಲಿಯುವ ಹಸಿವು ಎಂಬ ಮಾತನ್ನು ಎಷ್ಟೋ ಸಲ ಕೇಳಿದ್ದೆ, ಕಣ್ಣಾರೆ ಕಂಡದ್ದು ಅಂದೇ.

ಆಫೀಸಿಗೆ ಬಂದು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಬಾಸ್, “ರೂಲ್ ಅಂದ್ರೆ ರೂಲ್,” ಅಂದರು. ನನಗೆ ರೇಗಿ ಹೋಯಿತು. “ಕಲಿಯೋಕೆ ಇರೋದೇ ಅವರು ಸಾರ್. ಅವರನ್ನೂ ಓಡಿಸಿ, ಆಮೇಲೆ ನಾವು ಖಾಲಿ ಕುರ್ಚಿಗಳಿಗೆ ಪಾಠ ಹೇಳೋಣ,” ಅಂದೆ. ಅವರು ಕೊನೆಗೆ ಒಂದು ಷರತ್ತು ಹಾಕಿದರು: ಹುಡುಗಿ ಆಫೀಸಿಗೆ ಬಂದು ಒಬ್ಬಳೇ ಪರೀಕ್ಷೆ ಬರೆಯಲಿ, ಪಾಸಾದರೆ ಅಕೌಂಟು ಉಳಿಯುತ್ತದೆ, ಪಕ್ಕದಲ್ಲಿ ಯಾರು ಕೂತರೂ ತಾನು ಕೇಳುವುದಿಲ್ಲ, ಫೇಲಾದರೆ ಮುಗಿಯಿತು.

ಉತ್ತರ ಒತ್ತುತ್ತಿದ್ದದ್ದು ಎಲ್ಲರೂ; ಒಬ್ಬಳೇ ಕೂತರೆ ಹುಡುಗಿಗೆ ಏನು ನೆನಪಿದ್ದೀತು?

ಪರೀಕ್ಷೆಯ ದಿನ ತಾಯಿ ಹೊರಗೆ ಮೆಟ್ಟಿಲ ಹತ್ತಿರ ನಿಂತೇ ಇದ್ದರು, ಕುರ್ಚಿ ಕೊಟ್ಟರೂ ಕೂರಲಿಲ್ಲ. ಒಳಗೆ ಹುಡುಗಿ ಎಲ್ಲೂ ತಡವರಿಸದೆ ಬರೆದಳು. ಬಾಸ್ ಪಕ್ಕದಲ್ಲೇ ಕೂತು ನೋಡುತ್ತಿದ್ದವರು, “ಇಷ್ಟು ಚೆನ್ನಾಗಿ ಹೇಗಮ್ಮ ಬಂತು?” ಎಂದು ಕೇಳಿದರು.

“ಅಮ್ಮಿಗೆ ಅರ್ಥ ಆಗೋವರೆಗೂ ಮುಂದಿನ ಪೇಜಿಗೆ ಹೋಗೋಕೆ ಬಿಡಲ್ಲ ಸಾರ್. ಒಂದೊಂದನ್ನೂ ಎಷ್ಟು ಸಲ ಹೇಳಿದೀನೋ,” ಅಂದಳು ಹುಡುಗಿ.

ಬಾಸ್ ತಾವೇ ಎದ್ದು ಹೊರಗೆ ಹೋದರು. “ನಿಮ್ಮ ಮಗಳು ಪಾಸಾದ್ಲಮ್ಮ,” ಅಂದರು.

“ಅವಳು ಪಾಸಾಗ್ತಾಳೆ ಸಾರ್, ಅದು ಗೊತ್ತು. ನನ್ನ ಪಾಠ?”

“ನಡೆಯುತ್ತೆ. ನೀವು ಓದ್ಕೊಳ್ಳಿ.”

ಅಷ್ಟು ಹೊತ್ತೂ ನೆಟ್ಟಗೆ ನಿಂತಿದ್ದ ಆ ತಾಯಿ ಮೆಟ್ಟಿಲ ಮೇಲೆ ಕುಸಿದು ಕೂತು, ಶಾಲೆ ಬಿಡಿಸಿದ ಮಗು ಅಳುವ ಹಾಗೆ ಬಿಕ್ಕಿ ಬಿಕ್ಕಿ ಅತ್ತರು.