ಕೊರೆದವನದೇ ಮೊದಲ ಗುಂಡು

ಆಗೆಲ್ಲ ನಮ್ಮ ಕಡೆ ಎಲೆಕ್ಷನ್ ಮುಗಿಯಿತೆಂದರೆ ಗೆದ್ದವರ ಕೊರಳಿಗೆ ಹಾರ, ಬಂದೂಕುಗಳಿಗೆ ತುಕ್ಕು. ಓಟು ಮುಗಿಯುವ ತನಕ ಲೈಸೆನ್ಸಿನ ರೈಫಲ್‌ಗಳನ್ನೆಲ್ಲ ಸ್ಟೇಷನ್ನಿಗೆ ಒಪ್ಪಿಸಬೇಕಿತ್ತು. ಎಣ್ಣೆ ಕಾಣದೆ ಗೋಡೆಗೊರಗಿ ನಿಂತಿದ್ದು ವಾಪಸು ಬಂದ ಮೇಲೆ, ಹಂದಿ ಕಾಟಕ್ಕೆ ಹೆದರಿದ ಕಂಬಂ ದ್ರಾಕ್ಷಿ ತೋಟದವರು ಅವನ್ನು ಗೋಣಿಯಲ್ಲಿ ಸುತ್ತಿ ದಿಂಡಿಗಲ್ಲಿನ ರಿಪೇರಿ ಅಂಗಡಿಗೆ ತರುತ್ತಿದ್ದರು. ಅಲ್ಲಿ ಲೇತ್ ಓಡಿಸುತ್ತಿದ್ದವನು ನಮ್ಮಪ್ಪ.

ನನಗೆ ಏಳನೇ ಕ್ಲಾಸು ಮುಗಿದ ರಜೆ. ಅಮ್ಮ ಕಟ್ಟಿಕೊಟ್ಟ ಹುಳಿಯನ್ನ ಒಯ್ಯುತ್ತಿದ್ದೆ. ಅಂಗಡಿಯೊಳಗೆ ಕಾದ ಕಬ್ಬಿಣ, ಸುಟ್ಟ ಎಣ್ಣೆಯ ವಾಸನೆ. ಆ ಅನ್ನವೂ ಕೊನೆಗೆ ಲೇತಿನ ರುಚಿಯೇ ಆಗುತ್ತಿತ್ತು. ಊಟ ಕೊಟ್ಟ ಮೇಲೆ ನನ್ನ ಕಚೇರಿ ಶುರು. ಅಂಗಡಿಯ ಯಜಮಾನ ಮುದಲಾಳಿಯ ಕೆಮ್ಮು, ಅಪ್ಪನ ಬಾತುಕೋಳಿ ನಡಿಗೆ, ಆಗ ತಾನೇ ಒಡೆಯುತ್ತಿದ್ದ ನನ್ನದೇ ಗಂಟಲು, ಎಲ್ಲದರ ಅಣಕ. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ಲೇತಿನ ಕಿರುಚಾಟ. ಅಪ್ಪ ಬೆಚ್ಚಿ ಮೋಟಾರು ಆರಿಸುತ್ತಿದ್ದ. ಆಮೇಲೆ ತಿರುಗಿಯೂ ನೋಡದೆ ಎಣ್ಣೆಬಟ್ಟೆಯ ಉಂಡೆ ಎಸೆದರೆ ಅದು ನೇರ ನನ್ನ ಮೂಗಿಗೆ.

ಬೆಚ್ಚುವುದಕ್ಕೆ ಕಾರಣವಿತ್ತು. ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡನ್ನು ಹೊಸದಾಗಿ ಕೊರೆಯುವಾಗ ಟೂಲ್ ಅದುರಿದರೆ ಲೇತ್ ಕಿರುಚುತ್ತದೆ, ಒಳಗೆ ಗೀರು ಬೀಳುತ್ತದೆ. ಕಣ್ಣಿಗೆ ಕಾಣದು, ಕಿವಿಯೇ ಹಿಡಿಯಬೇಕು. ಗೀರಿದ ಗೂಡಿನಲ್ಲಿ ತೋಟಾ ಸೀಳಿದರೆ ಬೆಂಕಿ ಬರುವುದು ಹಿಂದಕ್ಕೆ, ಗುರಿ ಇಟ್ಟವನ ಮುಖಕ್ಕೆ. ಆ ಅಂಗಡಿಯಲ್ಲಿ ಮೊದಲು ಗುರಿ ಇಡಬೇಕಾದವನು ಕೊರೆದವನೇ. ಮುದಲಾಳಿಯ ಅಪ್ಪನ ಕಾಲದ ಕಟ್ಟಳೆ ಅದು. ಹಿತ್ತಲಿನ ಮರಳು ದಿಬ್ಬಕ್ಕೆ ಎಷ್ಟು ವರ್ಷಗಳಿಂದ ಅಪ್ಪ ಮೊದಲ ಗುಂಡು ಹೊಡೆಯುತ್ತಿದ್ದನೋ.

"ಕಿವಿಗೆ ಹತ್ತಿಯಾದ್ರೂ ಇಟ್ಕೊಪ್ಪಾ" ಎಂದರೆ, "ಹತ್ತಿ ಇಟ್ರೆ ಬೋಲ್ಟ್ ಕೂತಿದ್ದು ಹೆಂಗ್ಡಾ ತಿಳೀತದೆ?" ಅನ್ನುತ್ತಿದ್ದ.

ಆ ರಜೆಯಲ್ಲಿ ಒಂದು ಮಧ್ಯಾಹ್ನ ಅವನ ಬೆನ್ನ ಹಿಂದೆ ನಿಂತು ಲೇತಿನಂತೆ ಕಿರುಚಿದೆ. ಉಂಡೆ ಬರಲಿಲ್ಲ. ಇನ್ನೂ ಜೋರಾಗಿ ಕಿರುಚಿದೆ. ಮುಂದೆ ಬಂದು ನಿಂತಾಗಲೇ ಅಪ್ಪ ತಲೆ ಎತ್ತಿದ್ದು.

"ಯಾವಾಗ ಬಂದ್ಯೋ?"

"ಕಿರುಚಿ ಕಿರುಚಿ ಗಂಟ್ಲೇ ಹೋಯ್ತಪ್ಪಾ."

ಅವನು ನನ್ನ ತುಟಿಯನ್ನೇ ನೋಡಿದ. ಆಮೇಲೆ ಮೆಲ್ಲಗೆ, "ಮುದಲಾಳಿಗೆ ಹೇಳ್ಬೇಡ ಕಣೋ. ಕಿವಿ ಹೋದ್ರೇನು, ಕೈ ಇದ್ಯಲ್ಲ" ಅಂದ.

ಕೆಲವೇ ದಿನ. ಅಪ್ಪ ಗೂಡು ಕೊರೆಯುತ್ತಿದ್ದ, ನಾನು ಬಾಗಿಲಲ್ಲಿ ಕೂತಿದ್ದೆ. ಲೇತ್ ಕಿರುಚಿತು. ಈ ಸಲ ನಾನಲ್ಲ, ಲೇತೇ.

ಮುಂದಿನ ಕೋಣೆಯಿಂದ ಮುದಲಾಳಿ ತಮಿಳಿನಲ್ಲಿ ಕೂಗಿದ: "ಡೇಯ್ ಕೊರಂಗು! ಸತ್ತಂ ಪೋಡಾದೆ!" ಸದ್ದು ಮಾಡಬೇಡವೋ ಕೋತಿ, ಎಂದು. ಕೋತಿ ಎಂದರೆ ನಾನೇ. ಕೂಗುತ್ತಲೇ ಎದ್ದು ಬಂದ. ಅಪ್ಪ ತನ್ನ ಪಾಡಿಗೆ ಚಕ್ರ ತಿರುಗಿಸುತ್ತಲೇ ಇದ್ದ.

ನಾನು ಬಾಯಿ ತೆರೆದಿದ್ದರೆ ಸಾಕಿತ್ತು. ಆ ಸದ್ದು ನನ್ನದಾಗುತ್ತಿತ್ತು, ಅಪ್ಪನ ಕೆಲಸ ಉಳಿಯುತ್ತಿತ್ತು. ಆದರೆ ಮಾರನೆಯ ಬೆಳಿಗ್ಗೆ ಗೂಡು ಗೀರಿದ ಆ ರೈಫಲ್ಲಿನ ಹಿಂದೆ ಅವನ ಕೆನ್ನೆ ಇರುತ್ತಿತ್ತು.

ತುಟಿ ಬಿಗಿದುಕೊಂಡೆ.

ಮುದಲಾಳಿ ನನ್ನ ಮುಚ್ಚಿದ ಬಾಯಿ ನೋಡಿದ. ಕಿರುಚುತ್ತಿದ್ದ ಲೇತ್ ನೋಡಿದ. ಅಪ್ಪನ ಬೆನ್ನು ನೋಡಿದ. ತಾನೇ ಹೋಗಿ ಮೋಟಾರು ಆರಿಸಿದ.

ಅಪ್ಪ ನನ್ನತ್ತ ತಿರುಗಿ, ನಗಲು ನೋಡುತ್ತಾ ಕೇಳಿದ: "ನೀನೇ ಕಿರುಚಿದ್ದಲ್ವೇನ್ಡಾ?"

ಇಲ್ಲವೆಂದು ತಲೆಯಾಡಿಸಿದೆ.

"ಪೋದುಂ, ಅಣ್ಣೇ" ಎಂದ ಮುದಲಾಳಿ ಅವನ ಹೆಗಲು ಹಿಡಿದು. ಸಾಕು ಎಂದು. ಅಪ್ಪನಿಗೆ ಅದೂ ಕೇಳಿಸಿರಲಿಕ್ಕಿಲ್ಲ.

ಈಗ ಅಪ್ಪ ಮನೆಯಲ್ಲೇ ಕೂತು ಬೀಗ ಮಾಡುವವರಿಗೆ ಕೀಲಿಕೈ ಅರ ಹಾಕಿಕೊಡುತ್ತಾನೆ. ಅದಕ್ಕೆ ಕಿವಿ ಬೇಡ. ನಾನು ಮದುವೆ ಮನೆಗಳಲ್ಲಿ ಮಿಮಿಕ್ರಿ ಮಾಡುತ್ತೇನೆ; ಅವನು ಮುಂದಿನ ಸಾಲಿನಲ್ಲಿ ಕೂತು, ಪಕ್ಕದವರು ನಕ್ಕದ್ದನ್ನು ನೋಡಿ, ಆಮೇಲೆ ನಗುತ್ತಾನೆ.

ಒಮ್ಮೊಮ್ಮೆ ಅವನ ಬೆನ್ನ ಹಿಂದೆ ನಿಂತು ಲೇತಿನಂತೆ ಕಿರುಚುತ್ತೇನೆ. "ಸಾಕು ಬಿಡೋ" ಎಂದು ಒಳಗಿನಿಂದ ಅಮ್ಮ ಗದರುತ್ತಾಳೆ. ಅಪ್ಪ ಅರ ಉಜ್ಜುತ್ತಲೇ ಇರುತ್ತಾನೆ. ಎಣ್ಣೆಬಟ್ಟೆಯ ಉಂಡೆ ಅವನ ಮೊಣಕಾಲ ಪಕ್ಕದಲ್ಲೇ ಬಿದ್ದಿರುತ್ತದೆ.